ಯೆರೆಮೀಯನು ಕೊಂಡ ಹೊಲ, ನಾವು ಕೊಳ್ಳುವ ಮನೆ

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂದು ನಮ್ಮ ಹಿರಿಯರು ಎಚ್ಚರಿಸಿದ್ದಾರೆ. ಈಗ ಇದರ ಜೊತೆಗೆ "ಮನೆ ಕೊಂಡು ನೋಡು" ಎಂಬ ಮಾತನ್ನೂ ಸೇರಿಸಬೇಕಾಗಿದೆ. ವಿಜಯಪುರ-ಸೊಲ್ಲಾಪುರ ಹೆದ್ದಾರಿಯ ಮೇಲಿರುವ ಹೊರ್ತಿಯಂಥ ಊರುಗಳಲ್ಲಿ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಹಳ್ಳಿಗಳಲ್ಲಿ ಹುಟ್ಟಿದ ಮಕ್ಕಳು ಇಂದು ವಿಜಯಪುರ, ಪುಣೆ, ಬೆಂಗಳೂರುಗಳಲ್ಲಿ ದುಡಿಯುತ್ತಿದ್ದಾರೆ. ಅಲ್ಲಿ ಅವರ ಕೈಗೆ ಬಣ್ಣದ ಕರಪತ್ರಗಳು ಬರುತ್ತವೆ. ಅಗಲವಾದ ರಸ್ತೆ, ಉದ್ಯಾನವನ, ಮಕ್ಕಳ ಆಟದ ಬಯಲು, ಇಪ್ಪತ್ನಾಲ್ಕು ಗಂಟೆ ನೀರು, ಬಾಗಿಲಲ್ಲಿ ಕಾವಲುಗಾರ! ಎಲ್ಲವನ್ನೂ ಮೊದಲೇ ನಕ್ಷೆಯಲ್ಲಿ ಬರೆದು ಕಟ್ಟುವ ಬಡಾವಣೆ. ಊರಿನಲ್ಲಿರುವ ತಂದೆ ತಾಯಿಗಳು ಎರಡೆಕರೆ ಲಿಂಬೆ ತೋಟ ಮಾರಿ ಮುಂಗಡ ಕೊಡಲು ಸಿದ್ಧರಾಗುತ್ತಾರೆ. ಒಂದು ಕುಟುಂಬದ ಎರಡು ತಲೆಮಾರಿನ ಬೆವರು ಒಂದೇ ಸಹಿಯಲ್ಲಿ ಕೈ ಬದಲಾಯಿಸುತ್ತದೆ.

ಪ್ರಿಯ ಓದುಗರೇ, ಇಂಥ ಸಹಿ ಹಾಕುವ ಮುನ್ನ ಏನೇನು ನೋಡಬೇಕು? ವಿಶ್ವಾಸಿಗಳಾದ ನಮಗೆ ಇದು ಬರೀ ವ್ಯವಹಾರವೇ, ಅಥವಾ ಇದರಲ್ಲಿ ದೇವರಿಗೂ ನೆರೆಯವನಿಗೂ ಪಾಲುಂಟೇ? ಈ ವಾರ ಇದನ್ನು ಅಭ್ಯಾಸ ಮಾಡೋಣ.

ಬೈಬಲ್ಲಿನಲ್ಲಿ ಒಂದು ಖರೀದಿ ಪತ್ರ

ಪ್ರವಾದಿ ಯೆರೆಮೀಯನ ಗ್ರಂಥದ 32ನೆಯ ಅಧ್ಯಾಯವನ್ನು ಮನೆಯಲ್ಲಿ ಕುಳಿತು ಓದಿರಿ. ಬಾಬಿಲೋನಿನ ಸೈನ್ಯ ಜೆರುಸಲೇಮನ್ನು ಮುತ್ತಿದೆ. ಯೆರೆಮೀಯ ಅರಮನೆಯ ಕಾವಲು ಅಂಗಳದಲ್ಲಿ ಸೆರೆಯಾಗಿದ್ದಾನೆ. ಆಗ ಚಿಕ್ಕಪ್ಪನ ಮಗ ಹನಮೇಲ ಬಂದು, ಅನಾತೋತಿನಲ್ಲಿರುವ ತನ್ನ ಹೊಲವನ್ನು ಕೊಂಡುಕೋ ಎನ್ನುತ್ತಾನೆ. ನಾಳೆ ವೈರಿಯ ಪಾಲಾಗುವ ಹೊಲವನ್ನು ಯಾರು ಕೊಳ್ಳುತ್ತಾರೆ? ಆದರೆ ದೇವರ ಮಾತಿನಂತೆ ಪ್ರವಾದಿ ಕೊಳ್ಳುತ್ತಾನೆ. ಈ ನಾಡಿನಲ್ಲಿ ಜನ ಮತ್ತೆ ಮನೆ, ಹೊಲ, ದ್ರಾಕ್ಷಿತೋಟಗಳನ್ನು ಕೊಳ್ಳುವ ದಿನ ಬರುತ್ತದೆ ಎಂಬ ಭರವಸೆಯ ಗುರುತು ಅದು.

ಆ ಭರವಸೆಯ ನಡುವೆಯೂ ಪ್ರವಾದಿ ಎಷ್ಟು ಜಾಗರೂಕನಾಗಿದ್ದ ನೋಡಿರಿ. 17 ಶೆಕೆಲ್ ಬೆಳ್ಳಿಯನ್ನು ತಕ್ಕಡಿಯಲ್ಲಿ ತೂಗಿ ಕೊಟ್ಟ. ಪತ್ರ ಬರೆದು ಸಹಿ ಹಾಕಿ ಮುದ್ರೆ ಒತ್ತಿದ. ಸಾಕ್ಷಿಗಳಿಂದಲೂ ಸಹಿ ಮಾಡಿಸಿದ. ಷರತ್ತುಗಳಿದ್ದ ಮುದ್ರೆಯ ಪತ್ರ ಒಂದು, ತೆರೆದ ಪ್ರತಿ ಇನ್ನೊಂದು, ಹೀಗೆ ಎರಡನ್ನೂ ಎಲ್ಲರ ಎದುರಿಗೆ ಬಾರೂಕನಿಗೆ ಕೊಟ್ಟು, ಬಹುಕಾಲ ಉಳಿಯುವಂತೆ ಮಣ್ಣಿನ ಗಡಿಗೆಯಲ್ಲಿ ಇಡಿಸಿದ. ದೇವರಲ್ಲಿ ನಂಬಿಕೆ ಇಟ್ಟವನು ಕಾಗದ ಪತ್ರಗಳನ್ನು ಕಡೆಗಣಿಸಲಿಲ್ಲ. "ನಮ್ಮ ಪರಿಚಯದವರು, ನಮ್ಮ ಸಭೆಯವರು, ಮೋಸ ಮಾಡಲಾರರು" ಎಂದು ಬರಿ ಮಾತಿನ ಮೇಲೆ ಹಣ ಎಣಿಸಿ ಕೊಡುವ ನಮಗೆ ಇದೊಂದು ದೊಡ್ಡ ಪಾಠ. ಹನಮೇಲ ಪರಿಚಯದವನಷ್ಟೇ ಅಲ್ಲ, ರಕ್ತಸಂಬಂಧಿಯೇ ಆಗಿದ್ದ!

ಆದಿಕಾಂಡದ 23ನೆಯ ಅಧ್ಯಾಯದಲ್ಲಿ ಅಬ್ರಹಾಮನೂ ಹೀಗೆಯೇ ನಡೆದ. ಸಾರಳನ್ನು ಹೂಳಲು ಜಾಗ ಬೇಕಾದಾಗ ಎಫ್ರೋನನು "ಸುಮ್ಮನೆ ತೆಗೆದುಕೋ" ಎಂದರೂ ಒಪ್ಪದೆ, ಊರಬಾಗಿಲಲ್ಲಿ ಹಿತ್ತಿಯರ ಎದುರಿಗೆ 400 ಶೆಕೆಲ್ ಬೆಳ್ಳಿ ತೂಗಿ ಕೊಟ್ಟ. ಹೊಲ, ಗವಿ, ಎಲ್ಲೆಯೊಳಗಿನ ಮರಗಳು ಎಲ್ಲವೂ ಆ ಮಾತಿನಲ್ಲಿ ಸ್ಪಷ್ಟವಾಗಿದ್ದವು. ಪೂರ್ತಿ ಬೆಲೆ, ಬಹಿರಂಗ ವ್ಯವಹಾರ, ಚಕ್ಕುಬಂದಿಯ ವಿವರ: ಈ ಮೂರೂ ಇಂದಿಗೂ ಬೇಕು.

ಮೊದಲು ಕುಳಿತು ಲೆಕ್ಕ ಹಾಕಿರಿ

ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುತ್ತಾನೆ ಎಂದು ಯೇಸುಸ್ವಾಮಿ ಹೇಳಿದ್ದನ್ನು ಸಂತ ಲೂಕನು (14:28) ಬರೆದಿಟ್ಟಿದ್ದಾನೆ. ನಾವೂ ಒಂದು ಲೆಕ್ಕ ಹಾಕೋಣ. ನೀವು 20 ಲಕ್ಷ ರೂಪಾಯಿ ಸಾಲವನ್ನು ಶೇಕಡಾ 9ರ ಬಡ್ಡಿಗೆ 20 ವರ್ಷಗಳ ಅವಧಿಗೆ ಪಡೆದರೆ ತಿಂಗಳ ಕಂತು ಸುಮಾರು 18,000 ರೂಪಾಯಿ. ಕೊನೆಗೆ ನೀವು ಕಟ್ಟಿದ ಒಟ್ಟು ಹಣ ಸುಮಾರು 43 ಲಕ್ಷ. ಅದೇ ಸಾಲವನ್ನು 15 ವರ್ಷಕ್ಕೆ ಪಡೆದರೆ ಕಂತು ಸುಮಾರು 20,300, ಒಟ್ಟು ಸುಮಾರು 36 ಲಕ್ಷ 50 ಸಾವಿರ. ತಿಂಗಳಿಗೆ 2,300 ಹೆಚ್ಚು ಕಟ್ಟುವ ಶಕ್ತಿ ಇದ್ದವರಿಗೆ ಆರೂವರೆ ಲಕ್ಷಕ್ಕಿಂತ ಹೆಚ್ಚು ಉಳಿತಾಯ.

ಇದರ ಮೇಲೆ ನೋಂದಣಿ ಶುಲ್ಕ, ಮುದ್ರಾಂಕ ಶುಲ್ಕ, ನೀರು-ವಿದ್ಯುತ್ ಜೋಡಣೆ, ವಾಹನ ನಿಲುಗಡೆ, ಮತ್ತು ಬಡಾವಣೆಯ ನಿರ್ವಹಣಾ ವೆಚ್ಚ ಬೇರೆ. ಈ ನಿರ್ವಹಣಾ ವೆಚ್ಚವನ್ನು ಬಹಳ ಜನ ಮರೆಯುತ್ತಾರೆ. ಸಾಲ ಒಂದು ದಿನ ತೀರುತ್ತದೆ, ಅದು ತೀರುವುದಿಲ್ಲ. ಈಜುಕೊಳವನ್ನು ನೀವು ಬಳಸಿದರೂ ಬಳಸದಿದ್ದರೂ ಅದರ ಖರ್ಚಿನಲ್ಲಿ ನಿಮ್ಮ ಪಾಲು ಇದ್ದೇ ಇರುತ್ತದೆ. ಎಲ್ಲ ಕಂತುಗಳೂ ಸೇರಿ ಮನೆಯ ಆದಾಯದ ಮೂರನೆಯ ಒಂದು ಪಾಲನ್ನು ಮೀರದಿದ್ದರೆ ಒಳ್ಳೆಯದು. ಊರಿನ ತೋಟವನ್ನು ಪೂರ್ತಿ ಮಾರಬೇಕಾಗಿ ಬಂದರೆ, ವಯಸ್ಸಾದ ತಂದೆ ತಾಯಿಯ ಅನ್ನ, ಔಷಧಿಗಳಿಗೆ ಮುಂದೆ ದಾರಿ ಏನೆಂದು ಮೊದಲು ನಿರ್ಧರಿಸಿ ಆಮೇಲೆ ಮಾರಿರಿ. ತಂದೆ ತಾಯಿಯನ್ನು ಗೌರವಿಸು ಎಂಬ ಆಜ್ಞೆಗೆ ಈ ಲೆಕ್ಕವೂ ಸೇರಿದೆ.

ಈ ಭೂಮಿ ಯಾರದು?

ಹೊಸ ಬಡಾವಣೆಯ ಕೆಳಗೆ ಒಂದು ಹಳೆಯ ಹೊಲ ಇರುತ್ತದೆ. ಆ ಹೊಲದ ಕಥೆ ತಿಳಿಯದೆ ಮನೆ ಕೊಳ್ಳಬಾರದು. ಕೆಳಗಿನ ಪತ್ರಗಳನ್ನು ಕೇಳಿ ಪಡೆದು, ನಿಮ್ಮದೇ ವಕೀಲರಿಗೆ ತೋರಿಸಿರಿ. ಮಾರುವವನು ಗೊತ್ತುಮಾಡಿದ ವಕೀಲರು ಸಾಲದು.

1. ಉತಾರ ಮತ್ತು ಡೈರಿ. ಹೊಲದ ಪಹಣಿಯಲ್ಲಿ ಮಾಲೀಕರ ಹೆಸರು, ಬೋಜಾ, ಬ್ಯಾಂಕಿನ ಅಥವಾ ಸೊಸಾಯಿಟಿಯ ಸಾಲ ಇದೆಯೇ ನೋಡಬೇಕು. ಹೆಸರು ಒಬ್ಬರಿಂದ ಇನ್ನೊಬ್ಬರಿಗೆ ಹೇಗೆ ಬಂದಿತೆಂದು ಡೈರಿಯಿಂದ ತಿಳಿಯುತ್ತದೆ.

2. ಋಣಭಾರ ಪತ್ರ. ಉಪನೋಂದಣಿ ಕಚೇರಿಯಿಂದ ಕನಿಷ್ಠ 30 ವರ್ಷದ್ದನ್ನು ತೆಗೆಸಿರಿ.

3. ಬಿನ್‌ಶೇತ್ಕಿ, ಅಂದರೆ ಎನ್.ಎ. ಆದೇಶ. ಕರ್ನಾಟಕ ಭೂ ಕಂದಾಯ ಕಾಯಿದೆ 1964ರ 95ನೆಯ ಕಲಮಿನಂತೆ, ಕೃಷಿ ಭೂಮಿಯಲ್ಲಿ ಮನೆ ಕಟ್ಟಬೇಕಾದರೆ ಭೂಪರಿವರ್ತನೆ ಆಗಿರಬೇಕು. ಆಗದೆ ಗುಂಟೆ ಲೆಕ್ಕದಲ್ಲಿ ತುಂಡು ಮಾಡಿ ಮಾರುವ ಜಾಗದಲ್ಲಿ ನಿಮಗೆ ಬ್ಯಾಂಕಿನ ಸಾಲ, ಕಟ್ಟಡದ ಪರವಾನಗಿ ಎರಡೂ ಕಷ್ಟ.

4. ಖಾತೆ. ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಾದರೆ 2013ರಲ್ಲಿ ಬಂದ ಇ-ಸ್ವತ್ತು ವ್ಯವಸ್ಥೆಯ ನಮೂನೆ 9 ಮತ್ತು 11ಎ ಇರಬೇಕು. 11ಬಿ ಬೇರೆ ವರ್ಗದ್ದು. ಎರಡೂ "ಪಂಚಾಯಿತಿ ಕಾಗದವೇ" ಎಂದು ಯಾರಾದರೂ ಹೇಳಿದರೆ ನಂಬಿ ಕೂರಬೇಡಿರಿ.

5. ಹೆಣ್ಣುಮಕ್ಕಳ ಸಹಿ. ಭೂಮಿ ಹಿಂದೂ ಅವಿಭಕ್ತ ಕುಟುಂಬದ್ದಾಗಿದ್ದರೆ, 2005ರ ತಿದ್ದುಪಡಿಯ ನಂತರ ಮಗಳಿಗೂ ಮಗನಷ್ಟೇ ಹಕ್ಕು. ಅಣ್ಣತಮ್ಮಂದಿರು ಮಾತ್ರ ವಾಟ್ನಿ ಮಾಡಿಕೊಂಡು ಮಾರಿದ ಹೊಲದ ಮೇಲೆ, ಮದುವೆಯಾಗಿ ಹೋದ ಅಕ್ಕತಂಗಿಯರು ದಾವೆ ಹೂಡುವುದು ಇಂದು ಸಾಮಾನ್ಯ. ತಪ್ಪು ಅವರದಲ್ಲ. ಅವರನ್ನು ಕೇಳದೆ ಮಾರಿದವರದು, ವಿಚಾರಿಸದೆ ಕೊಂಡವರದು.

6. ಸರಕಾರ ಮಂಜೂರು ಮಾಡಿದ ಭೂಮಿಯೇ? ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಬಡವರಿಗೆ ಸರಕಾರ ಕೊಟ್ಟ ಭೂಮಿಯನ್ನು ಸರಕಾರದ ಅನುಮತಿ ಇಲ್ಲದೆ ಕೊಳ್ಳುವುದನ್ನು ಕರ್ನಾಟಕದ 1978ರ ಕಾಯಿದೆ ತಡೆಯುತ್ತದೆ. ಎಷ್ಟೋ ವರ್ಷವಾಯಿತು ಎಂಬ ನೆಪ ನಡೆಯದಂತೆ 2023ರಲ್ಲಿ ಅದಕ್ಕೆ ತಿದ್ದುಪಡಿಯೂ ಆಗಿದೆ.

ಈ ಕೊನೆಯ ಮಾತು ಕಾನೂನಿನ ಮಾತಷ್ಟೇ ಅಲ್ಲ. ಅರಸುಗಳ ಮೊದಲನೆಯ ಗ್ರಂಥದ 21ನೆಯ ಅಧ್ಯಾಯದಲ್ಲಿ ನಾಬೋತನ ದ್ರಾಕ್ಷಿತೋಟದ ಕಥೆ ಇದೆ. ಅರಸ ಅಹಾಬನಿಗೆ ಅರಮನೆಯ ಪಕ್ಕದ ತೋಟ ಬೇಕಾಯಿತು. ಪಿತ್ರಾರ್ಜಿತ ಭೂಮಿಯನ್ನು ಕೊಡಲಾರೆನೆಂದ ನಾಬೋತ ಸುಳ್ಳು ಸಾಕ್ಷಿಯಿಂದ ಕಲ್ಲೇಟು ತಿಂದು ಸತ್ತ. ನಾವು ಕೊಳ್ಳುವ ನಿವೇಶನದ ಕೆಳಗೆ ಒಬ್ಬ ನಾಬೋತನ ಕಣ್ಣೀರು ಇಲ್ಲವೆಂದು ಖಚಿತ ಮಾಡಿಕೊಳ್ಳುವುದು ಕ್ರೈಸ್ತನ ಕರ್ತವ್ಯ. ಹಾಗೆಯೇ ರೈತರನ್ನು ಹೊರಗಿಡದೆಯೂ ಬಡಾವಣೆ ಕಟ್ಟಬಹುದು. ಪುಣೆಯ ಮಗರಪಟ್ಟಾದಲ್ಲಿ ನೂರಕ್ಕೂ ಹೆಚ್ಚು ರೈತ ಕುಟುಂಬಗಳು ತಮ್ಮ ಸುಮಾರು 400 ಎಕರೆ ಭೂಮಿಯನ್ನು ಒಟ್ಟುಗೂಡಿಸಿ, ತಾವೇ ಪಾಲುದಾರರಾಗಿ ಉಪನಗರ ಕಟ್ಟಿದರು.

ನಕ್ಷೆಯನ್ನು ಓದಲು ಕಲಿಯಿರಿ

ಮಾರುವವನು ತೋರಿಸುವ ಬಣ್ಣದ ನಕ್ಷೆ ಬೇರೆ, ಯೋಜನಾ ಪ್ರಾಧಿಕಾರ ಮಂಜೂರು ಮಾಡಿದ ನಕ್ಷೆ ಬೇರೆ. ಎರಡನೆಯದನ್ನು ಕೇಳಿರಿ. ಒಂದು ಸರಳ ಲೆಕ್ಕ ನಿಮಗೆ ಸಹಾಯವಾದೀತು. ಒಂದು ಗುಂಟೆಗೆ 1,089 ಚದರಡಿ, 40 ಗುಂಟೆಗೆ ಒಂದು ಎಕರೆ, ಅಂದರೆ 43,560 ಚದರಡಿ. ರಸ್ತೆ, ಉದ್ಯಾನ, ಸಾರ್ವಜನಿಕ ಬಳಕೆಯ ಜಾಗ ಬಿಟ್ಟು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಭೂಮಿ ನಿವೇಶನಗಳಿಗೆ ಉಳಿದರೆ, 30×40 ಅಡಿಯ ಸುಮಾರು 20 ನಿವೇಶನಗಳಾಗುತ್ತವೆ. ಯಾರಾದರೂ ಒಂದು ಎಕರೆಯಲ್ಲಿ 30 ನಿವೇಶನ ತೋರಿಸಿದರೆ, ಅವಕ್ಕೇ 36,000 ಚದರಡಿ ಹೋಯಿತು. ಉಳಿದ 7,560 ಚದರಡಿಯಲ್ಲಿ ರಸ್ತೆ ಎಲ್ಲಿ? ಚರಂಡಿ ಎಲ್ಲಿ? ಮಕ್ಕಳು ಆಡುವುದು ಎಲ್ಲಿ?

ಕೊಳ್ಳುವವರ ರಕ್ಷಣೆಗಾಗಿ 2016ರಲ್ಲಿ ರೇರಾ ಎಂಬ ಕಾಯಿದೆ ಬಂದಿದೆ. 2017ರಿಂದ ಕರ್ನಾಟಕದಲ್ಲಿ ಇದರ ನಿಯಮಗಳಿವೆ. 500 ಚದರ ಮೀಟರಿಗಿಂತ ಹೆಚ್ಚಿನ ಭೂಮಿಯ ಅಥವಾ 8ಕ್ಕಿಂತ ಹೆಚ್ಚು ಫ್ಲಾಟುಗಳ ಯೋಜನೆ ನೋಂದಣಿಯಾಗದೆ ಜಾಹೀರಾತು ಕೊಡುವಂತಿಲ್ಲ, ಮಾರುವಂತಿಲ್ಲ. ಕೊಳ್ಳುವವರಿಂದ ಪಡೆದ ಹಣದ ಶೇಕಡಾ 70ನ್ನು ಪ್ರತ್ಯೇಕ ಖಾತೆಯಲ್ಲಿಟ್ಟು ಅದೇ ಯೋಜನೆಗೆ ಬಳಸಬೇಕು. ನೋಂದಾಯಿತ ಕರಾರು ಪತ್ರವಿಲ್ಲದೆ ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಹೇಳಿದ ದಿನಕ್ಕೆ ಮನೆ ಕೊಡದಿದ್ದರೆ ನೀವು ಹಣವನ್ನು ಬಡ್ಡಿಸಹಿತ ಹಿಂದೆ ಕೇಳಬಹುದು. ಮನೆ ಕೈಗೆ ಬಂದು 5 ವರ್ಷದೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಕಟ್ಟಿದವನೇ ಖರ್ಚಿಲ್ಲದೆ ಸರಿಪಡಿಸಬೇಕು. ಉದ್ಯಾನವೆಂದು ತೋರಿಸಿದ ಜಾಗದಲ್ಲಿ ಇನ್ನೊಂದು ಕಟ್ಟಡ ಎಬ್ಬಿಸಬೇಕಾದರೆ ಕೊಂಡವರಲ್ಲಿ ಮೂರನೆಯ ಎರಡು ಪಾಲು ಜನರ ಲಿಖಿತ ಒಪ್ಪಿಗೆ ಬೇಕು. ಬೆಲೆಯನ್ನು ಗೋಡೆಯೊಳಗೆ ನಿಜವಾಗಿ ಬಳಸುವ ಕಾರ್ಪೆಟ್ ಅಳತೆಯ ಮೇಲೆ ಹೇಳಬೇಕು. "1,200 ಚದರಡಿ" ಎಂದು ಕೇಳಿ ಹಿಗ್ಗಿದವರು, ಮೆಟ್ಟಿಲು, ಲಿಫ್ಟುಗಳ ಪಾಲನ್ನು ಕಳೆದು ಕೋಣೆ ಎಷ್ಟು ಉಳಿಯಿತು ಎಂದು ಕೇಳಬೇಕು.

ಇನ್ನು ನಮ್ಮ ಕಡೆಯಿಂದ ಆಗುವ ತಪ್ಪು. "ಕಾಗದದ ಮೇಲೆ ಇಷ್ಟು, ಕೈಯಲ್ಲಿ ಇಷ್ಟು" ಎಂಬ ಪದ್ಧತಿ. ಭೂಮಿಯ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2015ರಿಂದ ನಿಷೇಧಿಸಿದೆ. ತೆರಿಗೆ ಉಳಿಸಲು ಬೆಲೆ ಕಡಿಮೆ ಬರೆಸಿದವನು ನಾಳೆ ವ್ಯಾಜ್ಯವಾದಾಗ ಕೊಟ್ಟ ಹಣವನ್ನು ಸಾಬೀತು ಮಾಡಲಾರ. ಅದಕ್ಕಿಂತ ಹೆಚ್ಚಾಗಿ, ಸುಳ್ಳಿನ ಮೇಲೆ ನಿಂತ ಮನೆಗೆ ಗುರುಗಳನ್ನು ಕರೆಸಿ ಆಶೀರ್ವಾದ ಮಾಡಿಸುವುದು ಹೇಗೆ?

ಎರೆ ಭೂಮಿ ಮತ್ತು ಬಂಡೆ

ಬಂಡೆಯ ಮೇಲೆ ಕಟ್ಟಿದ ಮನೆ, ಮರಳಿನ ಮೇಲೆ ಕಟ್ಟಿದ ಮನೆ ಎಂಬ ಪ್ರಭುವಿನ ಸಾಮತಿ (ಮತ್ತಾಯ 7) ನಮ್ಮ ಜಿಲ್ಲೆಯವರಿಗೆ ಬೇಗ ಅರ್ಥವಾಗಬೇಕು. ನಮ್ಮ ಎರೆ ಭೂಮಿ ಬಿಳಿಜೋಳಕ್ಕೆ ಎಷ್ಟು ಒಳ್ಳೆಯದೋ ಮನೆಯ ಬುನಾದಿಗೆ ಅಷ್ಟು ಕಷ್ಟದ್ದು. ಮಳೆ ಬಿದ್ದಾಗ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಅದರೊಂದಿಗೆ ಗೋಡೆಯೂ ಬಿರಿಯುತ್ತದೆ. ಆದ್ದರಿಂದ ಎರೆಯನ್ನು ದಾಟಿ ಕೆಳಗಿನ ಗಟ್ಟಿ ಗರಸು ಅಥವಾ ಕಲ್ಲು ಸಿಗುವ ತನಕ ಬುನಾದಿ ಇಳಿದಿದೆಯೇ ಎಂದು ಕೇಳಿರಿ. ಸಾಧ್ಯವಾದರೆ ಒಂದು ಮಳೆಗಾಲ, ಒಂದು ಬೇಸಿಗೆ ಕಳೆದ ಮನೆಯನ್ನೇ ನೋಡಿರಿ. ಮಳೆ ಬಂದ ಮರುದಿನ ಬಡಾವಣೆಗೆ ಹೋದರೆ ನೀರು ಎಲ್ಲಿ ನಿಲ್ಲುತ್ತದೆಂದು ತಿಳಿಯುತ್ತದೆ. ಏಪ್ರಿಲ್ ತಿಂಗಳಲ್ಲಿ ಹೋದರೆ ನಲ್ಲಿಯಲ್ಲಿ ನೀರು ಬರುತ್ತದೆಯೋ ಇಲ್ಲವೋ ಎಂಬುದು ತಿಳಿಯುತ್ತದೆ. ಹೊಸ ಮನೆ ಕಟ್ಟಿದಾಗ ಮಾಳಿಗೆಗೆ ಅಡ್ಡಗೋಡೆ ಕಟ್ಟಿಸು, ಯಾರೂ ಬಿದ್ದು ಸಾಯದಿರಲಿ ಎಂದು ಧರ್ಮೋಪದೇಶಕಾಂಡ (22:8) ಹೇಳುತ್ತದೆ. ಕಟ್ಟಡದ ಸುರಕ್ಷತೆಯೂ ದೇವರ ಆಜ್ಞೆಯೇ.

ಮನೆಗಳನ್ನು ಕೊಳ್ಳಬಹುದು, ಓಣಿಯನ್ನು ಬೆಳೆಸಬೇಕು

ಯೋಜಿಸಿ ಕಟ್ಟಿದ ಊರು ನಮಗೆ ಹೊಸದಲ್ಲ. 1964ರಲ್ಲಿ ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಬಿದ್ದಿತು. ಕೃಷ್ಣೆಯ ಹಿನ್ನೀರಿಗೆ ಹಳ್ಳಿಗಳು ಮುಳುಗಿದವು, ಬಾಗಲಕೋಟೆ ಪಟ್ಟಣದ ಒಂದು ಭಾಗವೂ ಮುಳುಗಿತು. 1997ರ ತನಕ ಬಾಗಲಕೋಟೆ ನಮ್ಮ ಬಿಜಾಪುರ ಜಿಲ್ಲೆಯೇ ಆಗಿತ್ತು. ಮನೆ ಕಳೆದುಕೊಂಡವರಿಗಾಗಿ ಬಾಗಲಕೋಟೆಯ ಪಕ್ಕದಲ್ಲಿ ಸೆಕ್ಟರುಗಳಾಗಿ ವಿಂಗಡಿಸಿದ ನವನಗರ ಎದ್ದಿತು. ಅದರ ಯೋಜನೆಯ ಹಿಂದೆ ಇದ್ದವರು ಚಾರ್ಲ್ಸ್ ಕೊರಿಯಾ (1930-2015). ಗೋವಾ ಮೂಲದ ಕಥೋಲಿಕ ಕುಟುಂಬದವರು. ಮುಂಬಯಿಯ ದಾದರಿನಲ್ಲಿ ಮಾತೆ ಮರಿಯಮ್ಮನವರ ಸಾಲ್ವಾಸಾಂವ್ ದೇವಾಲಯವನ್ನು ವಿನ್ಯಾಸಗೊಳಿಸಿದವರೂ ಅವರೇ.

ಕೊರಿಯಾ ಅವರು 1980ರ ದಶಕದಲ್ಲಿ ನವಿ ಮುಂಬಯಿಯ ಬೇಲಾಪುರದಲ್ಲಿ ಕಡಿಮೆ ವೆಚ್ಚದ ಮನೆಗಳನ್ನು ಕಟ್ಟಿಸಿದಾಗ, ಒಂದು ಅಂಗಳದ ಸುತ್ತ 7 ಮನೆಗಳನ್ನು ಇಟ್ಟರು. ಅಂಥ ಮೂರು ಗುಂಪು ಸೇರಿ 21 ಮನೆಗಳಿಗೆ ಇನ್ನೊಂದು ದೊಡ್ಡ ಅಂಗಳ. ಪ್ರತಿ ಮನೆಗೂ ತನ್ನದೇ ನೆಲ, ಕುಟುಂಬ ಬೆಳೆದಂತೆ ಮನೆಯೂ ಬೆಳೆಯಲು ಅವಕಾಶ. ಬಡವರಿಗೂ ಆಕಾಶ ಕಾಣುವ ಅಂಗಳ ಬೇಕು ಎಂಬುದು ಅವರ ನಂಬಿಕೆಯಾಗಿತ್ತು. ಹೊರ್ತಿಯ ಹಳೆಯ ಮನೆಯ ಕಟ್ಟೆಯ ಮೇಲೆ ಕುಳಿತು ಬೆಳೆದವರಿಗೆ ಈ ಮಾತಿನ ಬೆಲೆ ಗೊತ್ತು. ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ, ಮಕ್ಕಳನ್ನು ಆಡಿಸುತ್ತ, ಹಾದುಹೋಗುವವರನ್ನು "ಊಟ ಆತೇನ್ರಿ?" ಎಂದು ಕೇಳುತ್ತ ಓಣಿ ಎಂಬುದು ಹುಟ್ಟುತ್ತದೆ. ನಕ್ಷೆ ಬರೆಯುವವರು ಅದಕ್ಕೆ ಜಾಗ ಬಿಡಬಹುದು, ಆದರೆ ಅದನ್ನು ಮಾಡಿಕೊಡಲಾರರು. ನೀರಿಗೆ ಊರು ಬಿಟ್ಟವರಿಗೆ ಹೊಸ ಮನೆ, ಅಗಲ ರಸ್ತೆ ಸಿಕ್ಕಬಹುದು. ಹಳೆಯ ನೆರೆಯವರು ಬೇರೆ ಸೆಕ್ಟರಿಗೆ ಹೋದರೆ ಆ ನಷ್ಟಕ್ಕೆ ಪರಿಹಾರದ ಚೆಕ್ ಇಲ್ಲ.

ಆದ್ದರಿಂದ ಮನೆ ನೋಡಲು ಹೋದಾಗ ಅಡಿಗೆ ಮನೆಯ ಕಲ್ಲನ್ನಷ್ಟೇ ನೋಡಬೇಡಿರಿ. ಅಕ್ಕಪಕ್ಕದವರನ್ನು ಮಾತಾಡಿಸಿರಿ. ನಿವಾಸಿಗಳ ಸಂಘ ಇದೆಯೇ, ಅದು ಲೆಕ್ಕ ಒಪ್ಪಿಸುತ್ತದೆಯೇ ಕೇಳಿರಿ. ವಯಸ್ಸಾದವರು ನಡೆದು ಹೋಗುವಷ್ಟು ದೂರದಲ್ಲಿ ಅಂಗಡಿ, ದವಾಖಾನೆ, ಬಸ್ಸು ಇವೆಯೇ? ಭಾನುವಾರದ ದಿವ್ಯ ಬಲಿಪೂಜೆಗೆ ಎಷ್ಟು ದೂರ? ದೇವಾಲಯ ದೂರವಾದಾಗ ಮೊದಲು ವಾರದ ಜಪಸರ ಕೂಟ ತಪ್ಪುತ್ತದೆ, ಆಮೇಲೆ ಮಕ್ಕಳ ಧರ್ಮೋಪದೇಶ ತರಗತಿ ತಪ್ಪುತ್ತದೆ.

ಬಾಗಿಲ ಹೊರಗಿನ ಲಾಜರ

ಕಾವಲಿರುವ ಬಡಾವಣೆಯಲ್ಲಿ ಸುರಕ್ಷತೆ ಇದೆ. ಮಕ್ಕಳಿರುವ ತಾಯಿ ಅದನ್ನು ಬಯಸುವುದು ತಪ್ಪಲ್ಲ. ಯೋಗ್ಯವಾದ ವಸತಿ ಕುಟುಂಬದ ಹಕ್ಕು ಎಂದು ಧರ್ಮಸಭೆ 1983ರ ಕುಟುಂಬ ಹಕ್ಕುಗಳ ಸನ್ನದಿನಲ್ಲಿ ಸಾರಿದೆ. ಪೋಪ್ ಫ್ರಾನ್ಸಿಸ್ ಅವರೂ 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ, ಸ್ವಂತ ಮನೆಗೂ ಮನುಷ್ಯನ ಘನತೆಗೂ ಇರುವ ಸಂಬಂಧವನ್ನು ಎತ್ತಿ ಹೇಳಿದ್ದಾರೆ. ಅದೇ ಪತ್ರದಲ್ಲಿ ಇನ್ನೊಂದು ಎಚ್ಚರಿಕೆಯೂ ಉಂಟು. ಹೊರಗಿನವರಿಗೆ ಬಾಗಿಲು ಮುಚ್ಚಿ, ಕೃತಕ ನೆಮ್ಮದಿಯನ್ನು ಕೊಡುವ ಹಸಿರು ಬಡಾವಣೆಗಳು ಒಂದು ಕಡೆ, ಯಾರಿಗೂ ಬೇಡವಾದವರು ಬದುಕುವ ಕೇರಿಗಳು ಇನ್ನೊಂದು ಕಡೆ ಎಂದು ಅವರು ನೊಂದು ಬರೆದಿದ್ದಾರೆ.

ಸಂತ ಲೂಕನ ಶುಭಸಂದೇಶದಲ್ಲಿ (16:19-31) ಧನಿಕನ ಬಾಗಿಲಲ್ಲಿ ಲಾಜರ ಬಿದ್ದಿದ್ದ. ಧನಿಕ ಅವನನ್ನು ಹೊಡೆಯಲಿಲ್ಲ, ಬೈಯಲಿಲ್ಲ. ನೋಡಲಿಲ್ಲ, ಅಷ್ಟೇ. ಬೆಂಗಳೂರು, ಪುಣೆಗಳ ಎತ್ತರದ ಕಟ್ಟಡಗಳಿಗೆ ಇಟ್ಟಿಗೆ ಹೊತ್ತವರಲ್ಲಿ ನಮ್ಮ ಜಿಲ್ಲೆಯಿಂದ ದುಡಿಯಲು ಹೋದವರೂ ಇದ್ದಾರೆ. ಕಟ್ಟುವಾಗ ಒಳಗಿದ್ದವರು ಕಟ್ಟಿದ ಮೇಲೆ ಹೊರಗಿನವರಾಗುತ್ತಾರೆ. ನಿಮ್ಮ ಬಡಾವಣೆಯಲ್ಲಿ ಮನೆಗೆಲಸದ ಹೆಣ್ಣುಮಗಳಿಗೆ ಕುಡಿಯುವ ನೀರು, ಕುಳಿತುಕೊಳ್ಳಲು ನೆರಳು, ಶೌಚಾಲಯ ಇದೆಯೇ? ಕಾವಲುಗಾರನ ಹೆಸರು ನಿಮಗೆ ಗೊತ್ತೇ? ಅವರಿಗೆ ಬೇರೆ ಲಿಫ್ಟು ಎಂಬ ನಿಯಮ ಬಂದಾಗ ಸಂಘದ ಸಭೆಯಲ್ಲಿ ಕೈ ಎತ್ತಿ ಮಾತಾಡುವ ಒಬ್ಬ ಕ್ರೈಸ್ತನಾದರೂ ಅಲ್ಲಿ ಇರಬೇಕು.

ಮನೆಯೊಳಗಿನ ನ್ಯಾಯ

ಖರೀದಿ ಪತ್ರದಲ್ಲಿ ಯಾರ ಹೆಸರು ಬರೆಸುತ್ತೀರಿ? ಹೆಂಡತಿಯ ದುಡಿಮೆ, ಅವಳ ತವರಿನ ಬಂಗಾರ ಆ ಮನೆಯಲ್ಲಿ ಸೇರಿದ್ದರೆ ಅವಳ ಹೆಸರೂ ಇರಲಿ. ಕ್ರೈಸ್ತರಾದ ನಮಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯಂತೆ, ಗಂಡ ಉಯಿಲು ಬರೆಯದೆ ತೀರಿಕೊಂಡರೆ ಮೂರನೆಯ ಒಂದು ಪಾಲು ಹೆಂಡತಿಗೆ, ಉಳಿದದ್ದು ಮಕ್ಕಳಿಗೆ. ಅದರಲ್ಲಿ ಮಗ, ಮಗಳು ಎಂಬ ಭೇದವಿಲ್ಲ. ಊರಿನ ತೋಟ ಮಾರಿ ಮಗನಿಗೆ ಮನೆ ಕೊಡಿಸುವಾಗ "ಮಗಳಿಗೆ ಮದುವೆ ಮಾಡಿಕೊಟ್ಟೆವಲ್ಲ" ಎಂದು ಕೈತೊಳೆದುಕೊಳ್ಳಬೇಡಿರಿ. ಅಣ್ಣನ ಹೊಸ ಮನೆಯ ಆಶೀರ್ವಾದಕ್ಕೆ ತಂಗಿ ಕಣ್ಣೀರಿಲ್ಲದೆ ಬರುವಂತಿರಬೇಕು.

ಕುಟುಂಬದಲ್ಲಿ ಚರ್ಚಿಸಿರಿ

ಈ ವಾರ ಸಂಜೆಯ ಪ್ರಾರ್ಥನೆಯ ನಂತರ ಎಲ್ಲರೂ ಕುಳಿತು ಮಾತಾಡಿರಿ.

1. ನಮಗೆ ಮನೆ ಬೇಕಾಗಿರುವುದು ಬಾಳಲಿಕ್ಕೋ, ನಾಲ್ಕು ಜನ ನೋಡಲಿಕ್ಕೋ?

2. ಯಾರನ್ನು ಕೇಳದೆ ನಾವು ಈ ನಿರ್ಧಾರ ಮಾಡುತ್ತಿದ್ದೇವೆ? ತಂದೆ ತಾಯಿ, ಮಗಳು, ಸೊಸೆ?

3. ನಮ್ಮ ಆಸ್ತಿಯ ಪತ್ರಗಳು ಎಲ್ಲಿವೆ? ಯೆರೆಮೀಯನ ಗಡಿಗೆಯಂತೆ ಭದ್ರವಾಗಿವೆಯೇ? ಗಂಡ ಹೆಂಡತಿ ಇಬ್ಬರಿಗೂ ಗೊತ್ತಿವೆಯೇ?

4. ನಮ್ಮ ಓಣಿಯಲ್ಲಿ ಅಥವಾ ಬಡಾವಣೆಯಲ್ಲಿ ನಾವು ಇನ್ನೂ ಮಾತಾಡಿಸದ ಮನೆ ಯಾವುದು?

ಪ್ರಾರ್ಥನೆ

ತಂದೆಯಾದ ದೇವರೇ, ನಿಮ್ಮ ಮಗನು ಬೆತ್ಲೆಹೇಮಿನಲ್ಲಿ ತಂಗಲು ಜಾಗವಿಲ್ಲದೆ ಹುಟ್ಟಿದರು, ನಜರೇತಿನ ಬಡಗಿಯ ಮನೆಯಲ್ಲಿ ಬೆಳೆದರು. ಮನೆಯಿಲ್ಲದವರಿಗೆ ಮನೆಯನ್ನೂ, ಮನೆ ಕೊಳ್ಳುವವರಿಗೆ ವಿವೇಕವನ್ನೂ, ಮಾರುವವರಿಗೆ ಸತ್ಯವನ್ನೂ, ಕಟ್ಟುವವರಿಗೆ ನ್ಯಾಯವಾದ ಕೂಲಿಯನ್ನೂ ದಯಪಾಲಿಸಿರಿ. ನಮ್ಮ ಬಾಗಿಲು ಕಳ್ಳನಿಗೆ ಭದ್ರವಾಗಿರಲಿ, ಹಸಿದವನಿಗೆ ತೆರೆದಿರಲಿ. ಸಂತ ಜೋಸೆಫರೇ, ನಮ್ಮ ಕುಟುಂಬಗಳಿಗಾಗಿ ಪ್ರಾರ್ಥಿಸಿರಿ. ಆಮೆನ್.